ಸಮಿತಿಯಲ್ಲಿ ಕೂತವರು ಕೇರಿಗೂ ಲೆಕ್ಕ ಕೊಡಲಿ

ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲಾಧಿಕಾರಿಗಳಿಗೆ, ಉಸ್ತುವಾರಿ ಸಚಿವರಿಗೆ ಮತ್ತು ಸರ್ಕಾರಿ ಸಮಿತಿಗಳಲ್ಲಿರುವ ನಮ್ಮ ಸಂಗಾತಿಗಳಿಗೆ ಬಹಿರಂಗ ಪತ್ರ

ವಿಷಯ: ಅಧಿಕಾರೇತರ ಸದಸ್ಯರ ಆಯ್ಕೆ, ಸಭಾ ನಡಾವಳಿ ಮತ್ತು ಜನರಿಗೆ ವರದಿ ಒಪ್ಪಿಸುವ ಕುರಿತು

ಮಾನ್ಯರೇ,

ಸರ್ಕಾರದ ಸಮಿತಿಗಳಿಗೆ ಅಧಿಕಾರೇತರ ಸದಸ್ಯರನ್ನು ನೇಮಿಸುವಾಗ ದಲಿತ, ರೈತ, ಕೂಲಿಕಾರ ಮತ್ತು ಮಹಿಳಾ ಹೋರಾಟಗಳಿಂದ ಬಂದವರನ್ನೂ ತೆಗೆದುಕೊಳ್ಳುವುದು ಈಗ ರೂಢಿಯಾಗಿದೆ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯ ಜಾಗೃತಿ ಸಮಿತಿ, ಬಗರ್‌ಹುಕುಂ ಸಮಿತಿ, ಕೆಡಿಪಿ (ಅಭಿವೃದ್ಧಿ ಕೆಲಸಗಳ ಪ್ರಗತಿ ನೋಡುವ ಸಮಿತಿ), ಸಾಮಾಜಿಕ ಪರಿಶೋಧನೆ (ಯೋಜನೆಯ ಲೆಕ್ಕವನ್ನು ಜನರ ಮುಂದೆ ತಾಳೆ ನೋಡುವುದು), ಇನ್ನೂ ಎಷ್ಟೋ ಕಡೆ ಧರಣಿ ಟೆಂಟಿನಲ್ಲಿ ಕೂತಿದ್ದವರು ಇಂದು ಸಭಾಂಗಣದ ಮೇಜಿನ ಮುಂದೆ ಕೂತಿದ್ದಾರೆ. ಇದರಿಂದ ಜನರಿಗೆ ಆಗಿರುವ ಲಾಭ ದೊಡ್ಡದು. ಜನತಂತ್ರಕ್ಕೆ ಆಗುತ್ತಿರುವ ಪೆಟ್ಟೂ ಸಣ್ಣದಲ್ಲ. ಆ ಪೆಟ್ಟು ಎಲ್ಲಿ ಬೀಳುತ್ತಿದೆ, ತಪ್ಪಿಸಲು ಕಾನೂನಿನಲ್ಲಿ ಈಗಾಗಲೇ ಏನಿದೆ, ನಾವು ಏನು ಕೇಳುತ್ತಿದ್ದೇವೆ ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಹೋರಾಟಗಾರರು ಸರ್ಕಾರದ ಹೊಸ್ತಿಲು ತುಳಿಯಲೇಬಾರದು ಎನ್ನುವವರು ನಾವಲ್ಲ. ಕರ್ನಾಟಕದ ಭೂಸುಧಾರಣೆಯನ್ನೇ ನೋಡಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಗೇಣಿದಾರರ ಅರ್ಜಿ ತೀರ್ಮಾನಿಸುವ ಕೆಲಸ ಸಿವಿಲ್ ಕೋರ್ಟಿಗೆ ಹೋಗಲಿಲ್ಲ, ಭೂ ನ್ಯಾಯಮಂಡಳಿಗೆ ಬಂತು. ಉಪವಿಭಾಗಾಧಿಕಾರಿ ಅಧ್ಯಕ್ಷ, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರು ವಾದಿಸುವಂತಿರಲಿಲ್ಲ. ಅಕ್ಷರ ಬಾರದ ಗೇಣಿದಾರ ನಮೂನೆ 7ರ ಅರ್ಜಿ ತುಂಬಿಸಿಕೊಂಡು ಬಂದು ತನ್ನ ಮಾತಿನಲ್ಲೇ ಹೇಳಬಹುದಾಗಿತ್ತು. ಕಚೇರಿಯವರಲ್ಲದ ಸದಸ್ಯರು ಅಲ್ಲಿ ಕೂತಿದ್ದರಿಂದ ಆ ಮಾತನ್ನು ಕೇಳುವವರಿದ್ದರು. ಸದಸ್ಯರ ಕುರ್ಚಿ ಜಮೀನ್ದಾರರ ಕಡೆಯವರ ಪಾಲಾದ ಕಡೆ ಅದೇ ಮಂಡಳಿ ಗೇಣಿದಾರನ ಕೈಬಿಟ್ಟಿತು. ಕಾಯ್ದೆ ಒಂದೇ ಇದ್ದರೂ ಫಲ ಬೇರೆಯಾಗಿದ್ದು ಸದಸ್ಯರನ್ನು ಯಾರು ಆರಿಸಿದರು, ಅವರು ಯಾರಿಗೆ ಉತ್ತರ ಹೇಳಬೇಕಾಗಿತ್ತು ಎಂಬುದರಿಂದ.

ದೆಹಲಿಯ ಉದಾಹರಣೆಯೂ ಇದೆ, ಅದರ ಒಂದು ತುದಿ ನಮ್ಮ ರಾಜ್ಯದಲ್ಲಿದೆ. 1994ರ ಡಿಸೆಂಬರಿನಲ್ಲಿ ರಾಜಸ್ಥಾನದ ಕೋಟ್ ಕಿರಾನಾದಲ್ಲಿ ಪಂಚಾಯಿತಿ ಬಿಲ್ಲುಗಳನ್ನು ಊರಿನವರ ಮುಂದೆ ಓದಿದ ಜನಸುನವಾಯಿ ನಡೆಯಿತು. ಹತ್ತು ವರ್ಷದ ಬಳಿಕ, 2004ರಲ್ಲಿ, ಆ ಹೋರಾಟ ಕಟ್ಟಿದ ಅರುಣಾ ರಾಯ್ ಕೇಂದ್ರ ಸರ್ಕಾರಕ್ಕೆ ಸಲಹೆ ಕೊಡುತ್ತಿದ್ದ ರಾಷ್ಟ್ರೀಯ ಸಲಹಾ ಮಂಡಳಿಯ ಸದಸ್ಯರಾದರು. ಮಾಹಿತಿ ಹಕ್ಕು ಕಾಯ್ದೆ, ಉದ್ಯೋಗ ಖಾತರಿ ಕಾಯ್ದೆ ಎರಡೂ 2005ರಲ್ಲಿ ಬಂದವು. ಚುನಾಯಿತರಲ್ಲದವರು ಕಾನೂನು ಬರೆಯುವುದು ಎಷ್ಟು ಸರಿ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಅದು ನ್ಯಾಯವಾದ ಪ್ರಶ್ನೆ. ಕರಡು ಮಂಡಳಿಯಲ್ಲಿ ತಯಾರಾದರೂ ಕಾಯ್ದೆ ಸಂಸತ್ತಿನಲ್ಲಿ ಚರ್ಚೆಯಾಗಿಯೇ ಬಂತು ಎಂಬುದು ಅದಕ್ಕೆ ಇರುವ ಉತ್ತರ.

ಮುಂದಿನದು ಹೆಚ್ಚು ಗಮನಿಸಬೇಕಾದ ಭಾಗ. ಕೇಂದ್ರ ಸರ್ಕಾರ 2009ರ ಜನವರಿ 1ರ ಅಧಿಸೂಚನೆಯಿಂದ ಉದ್ಯೋಗ ಖಾತರಿಯ ಕೂಲಿಯನ್ನು ರಾಜ್ಯಗಳ ಕನಿಷ್ಠ ವೇತನದಿಂದ ಬಿಡಿಸಿ 100 ರೂಪಾಯಿಗೆ ಕಟ್ಟಿಹಾಕಿತು. 2011ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಕನಿಷ್ಠ ವೇತನ ಕೊಡಲೇಬೇಕು ಎಂದಿತು. ಸಲಹಾ ಮಂಡಳಿಯ ಶಿಫಾರಸೂ ಅದೇ ಆಗಿತ್ತು. ಕೇಂದ್ರ ಒಪ್ಪದೆ ಸುಪ್ರೀಂ ಕೋರ್ಟಿಗೆ ಹೋಯಿತು. 2013ರಲ್ಲಿ ಅರುಣಾ ರಾಯ್ ತಮಗೆ ಇನ್ನೊಂದು ಅವಧಿ ಬೇಡ ಎಂದು ಪತ್ರ ಬರೆದು ಹೊರಬಂದರು, ಕನಿಷ್ಠ ಕೂಲಿ ನಿರಾಕರಿಸಿದ್ದನ್ನು ಆ ಪತ್ರದಲ್ಲೇ ಎತ್ತಿ ಹೇಳಿದರು. ಹೊರಗೆ ಸಂಘಟನೆ ಜೀವಂತ ಇದ್ದುದರಿಂದ ಅವರು ಎದ್ದು ಬಂದದ್ದಕ್ಕೆ ಬೆಲೆ ಬಂತು. ಹೊರಗೆ ಏನೂ ಉಳಿಯದವರು ರಾಜೀನಾಮೆ ಕೊಟ್ಟರೆ ಆ ಜಾಗಕ್ಕೆ ಮತ್ತೊಂದು ಹೆಸರು ಬರುತ್ತದೆ, ಅಷ್ಟೆ.

ಈಗ ನಮ್ಮ ಜಿಲ್ಲೆಗಳಿಗೆ ಬರುತ್ತೇವೆ. ಮೊದಲು ಜಾಗೃತಿ ಮತ್ತು ಉಸ್ತುವಾರಿ ಸಮಿತಿ. ದೌರ್ಜನ್ಯ ತಡೆ ನಿಯಮಗಳು 1995, ನಿಯಮ 17ರ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷರು, ಸಮಾಜ ಕಲ್ಯಾಣ ಅಧಿಕಾರಿ ಸದಸ್ಯ ಕಾರ್ಯದರ್ಶಿ. ಸಂಸದರು, ಶಾಸಕರು, ಪೊಲೀಸ್ ವರಿಷ್ಠಾಧಿಕಾರಿ ಇರುತ್ತಾರೆ. ಅಧಿಕಾರೇತರರಲ್ಲಿ ಪರಿಶಿಷ್ಟ ಜಾತಿ, ಪಂಗಡದ ಐವರವರೆಗೆ, ಸ್ವಯಂಸೇವಾ ಸಂಸ್ಥೆಗಳ ಒಡನಾಟವಿರುವ ಇತರರು ಮೂವರವರೆಗೆ ಇರಬಹುದು. ಮೂರು ತಿಂಗಳಿಗೆ ಒಮ್ಮೆಯಾದರೂ ಸಭೆ ಸೇರಬೇಕು. ಪರಿಹಾರ, ಪುನರ್ವಸತಿ, ಮೊಕದ್ದಮೆ ಎಲ್ಲಿಗೆ ಬಂತು, ಯಾವ ಅಧಿಕಾರಿ ಏನು ಮಾಡಿದರು, ಎಲ್ಲವನ್ನೂ ಪರಿಶೀಲಿಸುವ ಅಧಿಕಾರ ಸಮಿತಿಗಿದೆ. ಉಪವಿಭಾಗ ಮಟ್ಟದಲ್ಲೂ ಇಂಥದೇ ಸಮಿತಿ ಇರಬೇಕು.

ಕಾಗದದ ಮೇಲೆ ಇದಕ್ಕಿಂತ ಬಲವಾದ ಕುರ್ಚಿ ಹೋರಾಟಗಾರರಿಗೆ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಸಭೆ ಕೆಡುವ ರೀತಿ ಮಾತ್ರ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ತಿಳಿವಳಿಕೆ ಪತ್ರ ಹಿಂದಿನ ದಿನ ಕೈಸೇರುತ್ತದೆ. ಕಾರ್ಯಸೂಚಿಯಲ್ಲಿ ಪ್ರಕರಣಗಳ ಒಟ್ಟು ಸಂಖ್ಯೆ ಇರುತ್ತದೆ, ಪ್ರತಿ ಪ್ರಕರಣದ ವಿವರ ಇರುವುದಿಲ್ಲ. ಸದಸ್ಯರು ನಾಲ್ಕು ಊರಿನ ಹೆಸರು ಹಿಡಿದು ಕೇಳುತ್ತಾರೆ. ನಡಾವಳಿಯಲ್ಲಿ ಅದು “ಸದಸ್ಯರು ಚರ್ಚಿಸಿದರು, ಅಗತ್ಯ ಕ್ರಮ ವಹಿಸಲು ಸೂಚಿಸಲಾಯಿತು” ಎಂದಾಗುತ್ತದೆ. ಆ ನಡಾವಳಿ ಕೈಗೆ ಬರುವುದು ಮುಂದಿನ ಸಭೆಯ ಪತ್ರದ ಜೊತೆಗೆ. ಅನುಪಾಲನಾ ವರದಿಯಲ್ಲಿ “ತನಿಖೆ ಪ್ರಗತಿಯಲ್ಲಿದೆ” ಎಂಬ ಸಾಲು ಸಭೆಯಿಂದ ಸಭೆಗೆ ನಕಲಾಗುತ್ತದೆ. ಹಾಜರಿ ವಹಿಯಲ್ಲಿ ಮಾತ್ರ ಹೋರಾಟಗಾರರ ಸಹಿ ಸ್ಪಷ್ಟವಾಗಿ ಉಳಿಯುತ್ತದೆ. ನಾಳೆ ಯಾರಾದರೂ ಪ್ರಶ್ನಿಸಿದರೆ “ನಿಮ್ಮವರೇ ಸಭೆಯಲ್ಲಿದ್ದರು” ಎನ್ನಲು ಆ ಸಹಿ ಸಾಕು.

ಕೇಳಬೇಕಾದ ಅಂಕಿಗಳು ಕೆಲವೇ. ಪ್ರತಿ ಪ್ರಕರಣಕ್ಕೆ ಅಪರಾಧ ಸಂಖ್ಯೆ, ಎಫ್‌ಐಆರ್ ದಿನಾಂಕ, ದೋಷಾರೋಪ ಪಟ್ಟಿ ಸಲ್ಲಿಸಿದ ದಿನಾಂಕ. ಈ ಎರಡರ ನಡುವೆ 60 ದಿನ ಮೀರಿದ್ದರೆ ಕಾರಣ ಬರವಣಿಗೆಯಲ್ಲಿ ಬೇಕು. ಪರಿಹಾರದ ಮೊದಲ ಕಂತು ಖಾತೆಗೆ ಬಿದ್ದ ದಿನ. ಸಂತ್ರಸ್ತರ ಮೇಲೆಯೇ ಪ್ರತಿದೂರು ದಾಖಲಾಗಿದೆಯೇ, ಆಗಿದ್ದರೆ ಯಾವಾಗ. ಇನ್ನೊಂದನ್ನು ಬಹುತೇಕ ಯಾರೂ ಕೇಳುವುದಿಲ್ಲ: ನಿಯಮ 11ರಂತೆ ಸಾಕ್ಷಿಗಳಿಗೆ ಪ್ರಯಾಣದ ಖರ್ಚು, ದಿನದ ಕನಿಷ್ಠ ಕೂಲಿ ಸಿಕ್ಕಿತೇ? ಹತ್ತಿ ಬಿಡಿಸುವ, ಭತ್ತದ ಸಸಿ ಹಚ್ಚುವ ಸುಗ್ಗಿಯಲ್ಲಿ ಕೂಲಿ ಬಿಟ್ಟು, ಸಾಲ ಮಾಡಿ ಬಸ್ಸು ಹತ್ತಿ ಬರುವ ಸಾಕ್ಷಿ ಮೂರನೇ ಮುಂದೂಡಿಕೆಯ ಹೊತ್ತಿಗೆ ಸೋತು ಹೋಗುತ್ತಾರೆ. ಸಾಕ್ಷಿ ತಿರುಗಿಬೀಳುವುದಕ್ಕೆ ಬೆದರಿಕೆಯಷ್ಟೇ ಕಾರಣವಲ್ಲ, ಈ ಖರ್ಚೂ ಕಾರಣ.

ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿದ್ದದ್ದು 2014ರ ಆಗಸ್ಟ್‌ನಲ್ಲಿ. ಕೊಪ್ಪಳ ಜಿಲ್ಲಾ ನ್ಯಾಯಾಲಯ 101 ಮಂದಿಗೆ, ಅದರಲ್ಲಿ 98 ಮಂದಿಗೆ ಜೀವಾವಧಿ, ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರ್ 24ರಂದು. ನಡುವೆ ಹತ್ತು ವರ್ಷ. ನಿಯಮದಂತೆ ಲೆಕ್ಕ ಹಾಕಿದರೆ ಆ ಹತ್ತು ವರ್ಷದಲ್ಲಿ ಜಾಗೃತಿ ಸಮಿತಿಯ ಸಭೆಗಳು ಕನಿಷ್ಠ 40 ಆಗಬೇಕು. ಆ ಸಭೆಗಳ ನಡಾವಳಿಗಳನ್ನು ಜಿಲ್ಲಾಡಳಿತ ಜನರ ಮುಂದಿಡಲಿ ಎಂದು ಕೇಳುತ್ತೇವೆ. ಪ್ರಕರಣದ ಬಗ್ಗೆ ಯಾವ ಸಭೆಯಲ್ಲಿ ಯಾರು ಏನು ಕೇಳಿದರು, ಯಾರು ಸುಮ್ಮನಿದ್ದರು ಎಂಬುದು ಮರಕುಂಬಿಯ ಕೇರಿಗೆ ತಿಳಿಯಬೇಕಾದ ವಿಷಯ.

ಬಗರ್‌ಹುಕುಂ ಸಮಿತಿಯ ಕಥೆ ಬೇರೆ ಥರದ್ದು. ಅಪ್ಪಣೆಯಿಲ್ಲದೆ ಸರ್ಕಾರಿ ಜಮೀನು ಉಳುತ್ತ ಬಂದವರ ಸಾಗುವಳಿಯನ್ನು ಸಕ್ರಮ ಮಾಡುವ ಸಮಿತಿ ಇದು. ಭೂಕಂದಾಯ ಕಾಯ್ದೆಯ ಕಲಂ 94ಎ ಅಡಿ ಶಾಸಕರು ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ, ಸರ್ಕಾರ ನೇಮಿಸುವ ಸದಸ್ಯರು ಮೂವರು. ಆ ಮೂವರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಒಬ್ಬರು ಮಹಿಳೆ. ನಮೂನೆ 50, 53, 57ರ ಅರ್ಜಿಗಳು ಈ ಮೇಜಿಗೆ ಬರುತ್ತವೆ. ಇಲ್ಲಿ ಸದಸ್ಯರ ಕೆಲಸ ಸಲಹೆ ಕೊಡುವುದಷ್ಟೇ ಅಲ್ಲ, ಒಂದು ಕುಟುಂಬಕ್ಕೆ ಸಾಗುವಳಿ ಚೀಟಿ ಸಿಗುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು. ಅದಕ್ಕೇ ಅಪಾಯವೂ ಹೆಚ್ಚು. ಭೂಮಿಗಾಗಿ ಹೋರಾಡಿದ ಸಂಘಟನೆಯ ಮುಖಂಡರು ಸದಸ್ಯರಾದ ಮರುದಿನದಿಂದ ಅವರ ಮನೆ ಮುಂದೆ ಅರ್ಜಿದಾರರ ಸಾಲು ನಿಲ್ಲುತ್ತದೆ. ಹಕ್ಕು ಕೇಳಲು ಬರುತ್ತಿದ್ದ ಮಂದಿ ಈಗ ಉಪಕಾರ ಕೇಳಲು ಬರುತ್ತಾರೆ. ಸಂಘಟನೆಯ ಸದಸ್ಯರ ಅರ್ಜಿ ಮೊದಲು, ಉಳಿದವರದು ಆಮೇಲೆ ಎಂದು ಒಂದು ಸಲ ಆದರೆ ಊರು ಎರಡಾಗುತ್ತದೆ. ಅರ್ಜಿಗಳನ್ನು ಸ್ವೀಕೃತಿ ದಿನಾಂಕದ ಕ್ರಮದಲ್ಲೇ ಎತ್ತಿಕೊಳ್ಳಬೇಕು, ತಿರಸ್ಕರಿಸಿದ ಪ್ರತಿ ಅರ್ಜಿಗೆ ಕಾರಣ ಬರೆದು ಅರ್ಜಿದಾರರಿಗೆ ಹಿಂಬರಹ ಕೊಡಬೇಕು, ಪಟ್ಟಿಯನ್ನು ಗ್ರಾಮ ಪಂಚಾಯಿತಿ ಗೋಡೆಗೆ ಅಂಟಿಸಬೇಕು. ಇಷ್ಟನ್ನು ಪಟ್ಟು ಹಿಡಿದು ಮಾಡಿಸುವ ಸದಸ್ಯರು ಕೆಲವರ ದ್ವೇಷ ಕಟ್ಟಿಕೊಂಡರೂ ಸಂಘಟನೆಯನ್ನು ಉಳಿಸುತ್ತಾರೆ.

ರೈತ ಪ್ರತಿನಿಧಿ ಎಂಬ ಪದದ ಒಳಗೇ ಒಂದು ಜಗಳವಿದೆ. ತುಂಗಭದ್ರಾ ಎಡದಂಡೆ ನಾಲೆ 140 ಮೈಲಿಗೂ ಹೆಚ್ಚು ಉದ್ದ. ಗಂಗಾವತಿ ಕಡೆಯ ಮೇಲ್ಭಾಗದಲ್ಲಿ ಭತ್ತ ನಿಂತಿರುವಾಗ ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆ ಭಾಗದವರು ಮೈಲು 104ರಲ್ಲಿ ಗೇಜ್ (ನೀರಿನ ಮಟ್ಟ) ಕಾಯ್ದುಕೊಳ್ಳಿ ಎಂದು ರಸ್ತೆಗೆ ಇಳಿಯುತ್ತಾರೆ. ನೀರಾವರಿ ಸಲಹಾ ಸಮಿತಿ ಕೆಲವೊಮ್ಮೆ ಮುನಿರಾಬಾದಿನಲ್ಲಿ, ಕೆಲವೊಮ್ಮೆ ಬೆಂಗಳೂರಿನಲ್ಲಿ ಸೇರುತ್ತದೆ. ಅಲ್ಲಿಗೆ ಒಬ್ಬ ರೈತ ಮುಖಂಡರನ್ನು ಕರೆದು “ರೈತರ ಅಭಿಪ್ರಾಯ ಪಡೆಯಲಾಗಿದೆ” ಎಂದು ಬರೆದರೆ ಯಾವ ರೈತರ ಅಭಿಪ್ರಾಯ? ಮೇಲ್ಭಾಗದ್ದೋ, ಕೊನೆ ಭಾಗದ್ದೋ? ಹೋರಾಟದ ಒಳಗೂ ಬಲವಿದ್ದವರು, ಇಲ್ಲದವರು ಇದ್ದಾರೆ. ಸರ್ಕಾರದ ಕಣ್ಣಿಗೆ ಬೀಳುವವರು ಸಾಮಾನ್ಯವಾಗಿ ಬಲವಿದ್ದವರು. ದಲಿತ ಸಂಘಟನೆಗಳಿಂದ ಗಂಡಸರನ್ನೇ ಕರೆಯುವುದು, ಕೂಲಿಕಾರರ ಪರವಾಗಿ ಕೂಲಿಗೆ ಹೋಗದವರನ್ನು ಕೂರಿಸುವುದು ಇದೇ ಕಾರಣಕ್ಕೆ.

ಬಳ್ಳಾರಿಯಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವಿದೆ. ಗಣಿ ಮತ್ತು ಖನಿಜ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯ ಕಲಂ 9ಬಿ ಅಡಿ ಗಣಿಗಾರಿಕೆಯಿಂದ ಬಾಧಿತರಾದವರಿಗೆ ಸಲ್ಲಬೇಕಾದ ಹಣ ಇದು. ಹಳೆಯ ಗುತ್ತಿಗೆಗಳಿಂದ ರಾಜಧನದ ಶೇ. 30, ಹರಾಜಾದವುಗಳಿಂದ ಶೇ. 10 ಬರುತ್ತದೆ. 2024ರ ಮಾರ್ಗಸೂಚಿಯಂತೆ ಶೇ. 70ರಷ್ಟಾದರೂ ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಆದ್ಯತೆಯ ಕೆಲಸಗಳಿಗೆ ಹೋಗಬೇಕು. ಈ ಹಣವನ್ನು ಹಂಚುವ ಸಭೆಗಳಲ್ಲಿ ಸಂಡೂರಿನ ಗಣಿ ಧೂಳು ಕುಡಿಯುವ ಊರುಗಳ ದನಿ ಇರಲೇಬೇಕು. ಒಳಗೆ ಹೋದವರ ಮೇಲೆ ಅಲ್ಲಿ ಬೀಳುವ ಒತ್ತಡ ಎಂಥದೆಂದರೆ, ಒಂದು ಸಮುದಾಯ ಭವನ, ಒಂದು ಸಿಸಿ ರಸ್ತೆ ತಮ್ಮ ಊರಿಗೆ ಬಂದರೆ ಇಡೀ ಪಟ್ಟಿಗೆ ಕೈ ಎತ್ತಬೇಕಾಗುತ್ತದೆ. ಬಳ್ಳಾರಿಯ ಅಕ್ರಮ ಗಣಿಗಾರಿಕೆ ನಿಂತದ್ದು ಯಾವ ಸಮಿತಿಯ ಒಳಗಿನಿಂದಲೂ ಅಲ್ಲ. ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು, 2011ರ ಜುಲೈ ಕೊನೆಯಲ್ಲಿ ಲೋಕಾಯುಕ್ತ ವರದಿಯೂ ಗಣಿಗಾರಿಕೆ ನಿಲ್ಲಿಸುವ ಸುಪ್ರೀಂ ಕೋರ್ಟ್ ಆದೇಶವೂ ಬೆನ್ನುಬೆನ್ನಿಗೆ ಬಂದವು. ಹೊರಗೆ ನಿಂತು ದಾಖಲೆ ಹುಡುಕುವವರು ಇಲ್ಲದಿದ್ದರೆ ಒಳಗಿನವರ ಕೈ ಖಾಲಿ.

ಸಾಮಾಜಿಕ ಪರಿಶೋಧನೆಯಲ್ಲಿ ಹೋರಾಟಗಾರರು ಸದಸ್ಯರಾಗಿ ಅಲ್ಲ, ಗುತ್ತಿಗೆ ಅಥವಾ ಗೌರವಧನದ ಮೇಲೆ ಕೆಲಸಗಾರರಾಗಿ ಸೇರುತ್ತಾರೆ. ಉದ್ಯೋಗ ಖಾತರಿ ಕಾಯ್ದೆಯಡಿ 2011ರಲ್ಲಿ ಬಂದ ನಿಯಮ ಚೆನ್ನಾಗಿತ್ತು. ಆರು ತಿಂಗಳಿಗೊಮ್ಮೆ ಪರಿಶೋಧನೆ ಆಗಬೇಕು, ಘಟಕ ಅನುಷ್ಠಾನ ಇಲಾಖೆಯಿಂದ ಸ್ವತಂತ್ರವಾಗಿರಬೇಕು, ಕಡತಗಳನ್ನು 15 ದಿನ ಮೊದಲೇ ಕೊಡಬೇಕು, ಸಂಪನ್ಮೂಲ ವ್ಯಕ್ತಿಗಳು ಅದೇ ಪಂಚಾಯಿತಿಯವರಾಗಿರಬಾರದು ಎಂದಿತ್ತು. ಆದರೆ ಗುತ್ತಿಗೆ ನವೀಕರಿಸುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರ ವಿರುದ್ಧ ವರದಿ ಬರೆಯುವುದು ಕಷ್ಟ. ಎನ್‌ಎಂಆರ್‌ನಲ್ಲಿ (ಕೂಲಿಕಾರರ ಹಾಜರಿ ಪಟ್ಟಿಯಲ್ಲಿ) ಸತ್ತವರ ಹೆಸರು ಕಂಡರೂ ಅಳತೆ ಪುಸ್ತಕ ಕೊಡದಿದ್ದರೆ “ಕಡತ ಲಭ್ಯವಿಲ್ಲ” ಎಂದು ಬರೆದು ಮುಂದೆ ಹೋಗುವ ಅಭ್ಯಾಸ ಹೀಗೆ ಬೆಳೆಯುತ್ತದೆ. ಆಂಧ್ರಪ್ರದೇಶ ಕೂಲಿಕಾರ ಕುಟುಂಬಗಳ ಓದಿದ ಮಕ್ಕಳಿಗೇ ತರಬೇತಿ ಕೊಟ್ಟು, ಮನೆಮನೆಗೆ ಕಳಿಸಿ, ಮಂಡಲ ಮಟ್ಟದಲ್ಲಿ ಬಹಿರಂಗ ಸಭೆ ನಡೆಸಿ ದೇಶಕ್ಕೆ ದಾರಿ ತೋರಿಸಿತು. ಅಲ್ಲಿಯೂ ಪತ್ತೆಯಾದ ದುರ್ಬಳಕೆಯಲ್ಲಿ ವಸೂಲಾದದ್ದು ಸಣ್ಣ ಪಾಲು. ಪತ್ತೆ ಹಚ್ಚುವ ಕೆಲಸ ಹೋರಾಟದಿಂದ ಬಂದವರಿಗೆ ಬಂತು, ಶಿಕ್ಷಿಸುವ ಅಧಿಕಾರ ಮೊದಲಿದ್ದ ಕೈಯಲ್ಲೇ ಉಳಿಯಿತು. ಯೋಜನೆಯ ಹೆಸರು, ಕಾಯ್ದೆ ಬದಲಾದರೂ ಈ ತೊಡಕು ಹಾಗೇ ಇರುತ್ತದೆ.

ಇವೆಲ್ಲದರ ನಡುವೆ ಗ್ರಾಮ ಪಂಚಾಯಿತಿಗೆ ಆರಿಸಿಬಂದ ಸದಸ್ಯರು ಬದಿಗೆ ಸರಿಯುತ್ತಾರೆ. ಮತ ಕೇಳಿ ಗೆದ್ದ ದಲಿತ ಹೆಣ್ಣುಮಗಳ ಮಾತಿಗಿಂತ ಸಚಿವರ ಪಟ್ಟಿಯಿಂದ ಬಂದ ಮುಖಂಡರ ಫೋನಿಗೆ ತಹಶೀಲ್ದಾರ್ ಕಚೇರಿ ಬೇಗ ಓಗೊಟ್ಟರೆ ಸೋತದ್ದು ಆಕೆಯ ಮತದಾರರು. ಇನ್ನೊಂದು ಕಡೆ, ಧರಣಿಗೆ ಕರೆದರೆ ಮಂದಿ ಕೇಳುತ್ತಾರೆ: “ನಮ್ಮವರ ಒಳಗ ಅದಾರಲ್ರೀ ಅಣ್ಣಾರ, ಮತ್ಯಾಕ ಧರಣಿ?” ಮನವಿ ಪತ್ರ ಕೊಡುವವರೂ ಅದನ್ನು ಇಸಿದುಕೊಳ್ಳುವವರ ಪಕ್ಕ ನಿಲ್ಲುವವರೂ ಒಂದೇ ಸಂಘಟನೆಯವರಾದಾಗ ಸಿಟ್ಟು ಎಲ್ಲಿ ಹೇಳಿಕೊಳ್ಳಬೇಕು ಎಂದು ತಿಳಿಯದ ಯುವಕರು ಸಂಘಟನೆಯನ್ನೇ ಬಿಡುತ್ತಾರೆ. ಎರಡನೇ ಸಾಲಿನ ಮುಖಂಡರು ಬೆಳೆಯದಿರುವುದಕ್ಕೆ ಮೊಬೈಲನ್ನು ದೂರುವ ಮೊದಲು ಇದನ್ನು ನೋಡಬೇಕು.

ಕೇರಳದಲ್ಲಿ 1996ರ ಜನಯೋಜನೆ ಇದಕ್ಕೆ ಒಂದು ದಾರಿ ಹುಡುಕಿತ್ತು. ಯೋಜನಾ ವೆಚ್ಚದ ಶೇ. 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟರು. ಶಾಸ್ತ್ರ ಸಾಹಿತ್ಯ ಪರಿಷತ್ತಿನಂಥ ಚಳವಳಿಗಳ ಕಾರ್ಯಕರ್ತರು ಅದರಲ್ಲಿ ತೊಡಗಿದರು, ಆದರೆ ತೀರ್ಮಾನ ಗ್ರಾಮಸಭೆಯಿಂದ, ಆರಿಸಿಬಂದ ಪಂಚಾಯಿತಿಯಿಂದ ಬರಬೇಕಾಗಿತ್ತು. ನಿವೃತ್ತ ಇಂಜಿನಿಯರುಗಳಂಥ ತಜ್ಞ ಕಾರ್ಯಕರ್ತರು ಅಂದಾಜು ಪಟ್ಟಿ ಪರಿಶೀಲಿಸಿಕೊಟ್ಟರು. ಗುತ್ತಿಗೆದಾರರನ್ನು ತಪ್ಪಿಸಲು ಮಾಡಿದ ಫಲಾನುಭವಿ ಸಮಿತಿಗಳು ಹಲವು ಕಡೆ ಬೇನಾಮಿ ಗುತ್ತಿಗೆದಾರರ ಕೈಗೆ ಹೋದದ್ದೂ ನಿಜ. ಆದರೂ ಕಾರ್ಯಕರ್ತರು ಚುನಾಯಿತರ ಜಾಗದಲ್ಲಿ ಕೂರದೆ ಅವರ ಜೊತೆಗೆ ನಿಂತರು ಎಂಬುದು ನಾವು ತೆಗೆದುಕೊಳ್ಳಬೇಕಾದ ಪಾಠ.

ಜಿಲ್ಲಾಧಿಕಾರಿಗಳೇ, ನಿಮ್ಮಿಂದ ನಾವು ಕೇಳುವುದಕ್ಕೆ ಹೊಸ ಕಾನೂನು ಬೇಡ. ಮಾಹಿತಿ ಹಕ್ಕು ಕಾಯ್ದೆಯ ಕಲಂ 4(1)(ಬಿ)(viii) ಪ್ರಕಾರ ಪ್ರತಿ ಕಚೇರಿಯೂ ತನ್ನಲ್ಲಿರುವ ಸಮಿತಿಗಳು ಯಾವುವು, ಅವುಗಳ ಸಭೆ ಸಾರ್ವಜನಿಕರಿಗೆ ತೆರೆದಿದೆಯೇ, ನಡಾವಳಿ ಸಿಗುತ್ತದೆಯೇ ಎಂಬುದನ್ನು ಯಾರೂ ಅರ್ಜಿ ಹಾಕದೆಯೇ ಪ್ರಕಟಿಸಬೇಕು. ಅದನ್ನು ಪೂರ್ತಿಯಾಗಿ ಪಾಲಿಸಿ. ಸಭೆಗೆ ಏಳು ದಿನ ಮೊದಲು ಪ್ರಕರಣವಾರು ವಿವರವಿರುವ ಕಾರ್ಯಸೂಚಿ ಸದಸ್ಯರ ಕೈಸೇರಲಿ, ಸಂತ್ರಸ್ತರ ಹೆಸರು ಗೋಪ್ಯವಾಗಿಡಬೇಕಾದ ಕಡೆ ಸಂಖ್ಯೆ ಇರಲಿ. ಪರಿಸರ ಅನುಮತಿಗಾಗಿ ನೀವೇ ಅಧ್ಯಕ್ಷತೆ ವಹಿಸುವ ಸಾರ್ವಜನಿಕ ಅಹವಾಲು ಸಭೆಯ ಪದ್ಧತಿ ನಿಮಗೆ ಗೊತ್ತಿದೆ: 2006ರ ಅಧಿಸೂಚನೆಯಂತೆ ನಡಾವಳಿಯನ್ನು ಅದೇ ದಿನ, ಸೇರಿದ ಜನರಿಗೆ ಅವರ ಭಾಷೆಯಲ್ಲಿ ಓದಿ ಹೇಳಿ ಸಹಿ ಮಾಡಬೇಕು. ಕಾರ್ಖಾನೆಯೊಂದರ ಅಹವಾಲಿಗೆ ಸಾಧ್ಯವಾಗುವುದು ಜಾಗೃತಿ ಸಮಿತಿಗೂ ಸಾಧ್ಯ. ಒಪ್ಪದ ಸದಸ್ಯರು ಬರೆದುಕೊಟ್ಟ ಭಿನ್ನಾಭಿಪ್ರಾಯ ನಡಾವಳಿಗೆ ಲಗತ್ತಾಗಲಿ.

ಉಸ್ತುವಾರಿ ಸಚಿವರೇ, ಪಟ್ಟಿ ನಿಮ್ಮ ಕಚೇರಿಯಿಂದ ಬರುತ್ತದೆ ಎಂಬುದು ಜಿಲ್ಲೆಗೆಲ್ಲ ಗೊತ್ತು. ನೇಮಕದ ಮೊದಲು ಹೆಸರುಗಳನ್ನು 15 ದಿನ ಪ್ರಕಟಿಸಿ ಆಕ್ಷೇಪಣೆ ಕರೆಯಿರಿ. ಪಕ್ಷದ ಪದಾಧಿಕಾರಿಗಳನ್ನು ಹೋರಾಟಗಾರರ ಜಾಗದಲ್ಲಿ ತುಂಬಬೇಡಿ. ಪ್ರಶ್ನೆ ಕೇಳಿದ ಕಾರಣಕ್ಕೆ ಅವಧಿಯ ನಡುವೆ ಯಾರನ್ನೂ ಕೈಬಿಡಬೇಡಿ.

ಸಂಗಾತಿಗಳೇ, ನಿಮಗೆ ಬರೆಯುವುದು ನಮಗೆ ಸುಲಭವಲ್ಲ. ನೀವು ಹೊತ್ತ ಭಾರ ನಮಗೆ ಗೊತ್ತು, ನಿಮ್ಮಲ್ಲಿ ಹಲವರ ಪ್ರಾಮಾಣಿಕತೆಯ ಮೇಲೆ ನಮಗೆ ಅನುಮಾನವಿಲ್ಲ. ಅದಕ್ಕೇ ಕೇಳುತ್ತೇವೆ. ಸಮಿತಿಗೆ ಹೋಗುವ ಮುನ್ನ ಸಂಘಟನೆ ಸಭೆ ಕರೆದು, ಯಾವ ಮೂರು ವಿಷಯ ಸಾಧಿಸಲು ಹೋಗುತ್ತಿದ್ದೀರಿ ಎಂದು ಠರಾವು ಬರೆಯಿರಿ. ಒಬ್ಬರೇ ಹೋಗಬೇಡಿ, ಕನಿಷ್ಠ ಇಬ್ಬರಿಗೆ ಜಾಗ ಕೇಳಿ, ಒಬ್ಬರು ಮಹಿಳೆ ಇರಲಿ. ಸದಸ್ಯರಾಗಿರುವಷ್ಟು ಕಾಲ ಸಂಘಟನೆಯ ಅಧ್ಯಕ್ಷ, ಸಂಚಾಲಕ ಸ್ಥಾನವನ್ನು ಬೇರೆಯವರಿಗೆ ಬಿಟ್ಟುಕೊಡಿ, ನಿಮ್ಮ ಸಮಿತಿಯ ವಿರುದ್ಧ ಧರಣಿ ಕೂರುವ ಸ್ವಾತಂತ್ರ್ಯ ಅವರಿಗಿರಲಿ. ಪ್ರತಿ ಸಭೆಯಾದ ಹತ್ತು ದಿನದೊಳಗೆ ಒಂದು ಪುಟದ ವರದಿಯನ್ನು ಸಂಬಂಧಪಟ್ಟ ಕೇರಿಯಲ್ಲಿ, ಹಟ್ಟಿಯಲ್ಲಿ ಓದಿ ಹೇಳಿ, ಆರು ತಿಂಗಳಿಗೊಮ್ಮೆ ನಡೆಯುವ ಗ್ರಾಮಸಭೆಯಲ್ಲಿ ಮಂಡಿಸಿ. ಒಂದೇ ಬೇಡಿಕೆ ಸತತ ಮೂರು ಸಭೆಯಲ್ಲಿ “ಸೂಚಿಸಲಾಯಿತು” ಎಂದೇ ದಾಖಲಾದರೆ ಲಿಖಿತ ಕಾರಣ ಕೊಟ್ಟು ಹೊರಬನ್ನಿ. ಸದಸ್ಯತ್ವ ಮುಗಿದ ಮೇಲೆ ಒಂದು ವರ್ಷ ಅದೇ ಇಲಾಖೆಯ ಗುತ್ತಿಗೆ, ಯೋಜನೆ, ಗೌರವಧನದ ಕೆಲಸ ಬೇಡ.

ಮುಂದಿನ ತ್ರೈಮಾಸಿಕ ಸಭೆಗೆ ಮೊದಲು ಮೂರೂ ಜಿಲ್ಲಾಧಿಕಾರಿ ಕಚೇರಿಗಳ ಸೂಚನಾ ಫಲಕದಲ್ಲಿ ಸಮಿತಿಗಳ ಪಟ್ಟಿ, ಸದಸ್ಯರ ಹೆಸರು, ನೇಮಕದ ದಿನಾಂಕ, ಅವಧಿ ಮುಗಿಯುವ ದಿನಾಂಕ ಮತ್ತು ಹಿಂದಿನ ನಾಲ್ಕು ಸಭೆಗಳ ನಡಾವಳಿ ಹಾಕಬೇಕೆಂದು ಕೋರುತ್ತೇವೆ. ಪ್ರಕರಣವಾರು ಕಾರ್ಯಸೂಚಿಯ ಒಂದು ಮಾದರಿ ನಮೂನೆಯನ್ನು ಈ ಪತ್ರದ ಪ್ರತಿಯೊಂದಿಗೆ ಮೂರೂ ಕಚೇರಿಗಳ ಟಪಾಲು ವಿಭಾಗಕ್ಕೆ ಸಲ್ಲಿಸಿ ಸ್ವೀಕೃತಿ ಪಡೆಯುತ್ತೇವೆ.

ಇಂತಿ,
ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ದಲಿತ, ಕೂಲಿಕಾರ, ರೈತ ಮತ್ತು ಮಹಿಳಾ ಹೋರಾಟಗಳ ಕಾರ್ಯಕರ್ತರು